ಶುಕ್ರವಾರದ ಕೆಂಪು ಮಸಿ

“ಟೇಕ್ ಅಂದ್ರ ತಗೊಳ್ಳೂದು. ಅಷ್ಟ ತಿಳ್ಕೊಂಡು ಕುಂತ್ರ ಪಾಸಾಗೂದಿಲ್ಲ, ಕಾಕಾ,” ಎಂದಳು ಹೇಮಾ.  ಅವಳ ಕೈ ನೋಟ್‌ಬುಕ್ಕಿನ ಹಾಳೆಗಳನ್ನು ಬಿಡದೆ ತಿರುವುತ್ತಿತ್ತು.

“ನಾ ಪಾಸಾಗೂದು ಬ್ಯಾಡ ತಂಗಿ. ನಿಮ್ಮಪ್ಪ ಸಿಕ್ಕರ ಸಾಕು. ಮುಂದ ಓದು.”

ಶನಿವಾರ ಬೆಳಿಗ್ಗೆ ಏಳು ಇಪ್ಪತ್ತು. ಗುರುವಾರ ಹತ್ತು ಗಂಟೆಗೆ ಕೊಪ್ಪಳಕ್ಕೆಂದು ಮನೆ ಬಿಟ್ಟ ಗೋವಿಂದರಾಜ ಮಾಸ್ತರರ ಫೋನು ಮಾತ್ರ ಹೊಸಪೇಟೆಯ ಬಸ್ಸೊಂದರ ಸೀಟಿನ ಸಂದಿಯಲ್ಲಿ ಸಿಕ್ಕಿತ್ತು. ಪೊಲೀಸರು ಆ ದಿಕ್ಕಿಗೇ ಹೋಗಿದ್ದರು.

ನಾನು ಹೋಗಲಿಲ್ಲ. ಫೋನು ಬಸ್ಸಿನಲ್ಲಿತ್ತು ಅಂದರೆ ಫೋನು ಪ್ರಯಾಣ ಮಾಡಿದೆ, ಅಷ್ಟೆ. ಮನುಷ್ಯ ಮಾಡಿದ್ದಾನೆ ಅಂತ ಯಾರು ಹೇಳಿದರು? ನಾನು ಓಬಳೆಪ್ಪ. ಇದೇ ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಂಟ್ರೋಲರ್ ಆಗಿದ್ದವನು. ಯಾರು ಯಾವ ಬಸ್ಸು ಹತ್ತಿದರು, ಯಾರ ಜೊತೆ ಹತ್ತಿದರು ಎಂದು ನೋಡಿ ನೋಡಿ, ನಿವೃತ್ತಿಯಾದ ಮೇಲೆ ಕಾಣೆಯಾದವರನ್ನು ಹುಡುಕಿಕೊಡುವ ಕೆಲಸ ಹಿಡಿದೆ. ಹನ್ನೊಂದು ಜನರನ್ನು ಹುಡುಕಿದ್ದೇನೆ. ಹನ್ನೊಂದೂ ಜನ ತಾವಾಗಿಯೇ ಓಡಿಹೋದವರು. ಬೇರೆಯವರು ಹಿಡಿದುಕೊಂಡು ಹೋದ ಒಬ್ಬರನ್ನೂ ಈವರೆಗೆ ಹುಡುಕಿದವನಲ್ಲ. ಅದನ್ನು ಹೇಮಾಳಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಮೇಜಿನ ಮೇಲೆ ನೀಲಿ ಬಣ್ಣದ ಐಸ್ ಡಬ್ಬಿ ಇತ್ತು. ಅದರೊಳಗೆ ಇನ್ಸುಲಿನ್. ಮಾಸ್ತರರಿಗೆ ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಸೂಜಿ ಚುಚ್ಚಿಕೊಳ್ಳದಿದ್ದರೆ ಆಗದು. ಡಾಕ್ಟರು ನಿನ್ನೆ ಸಂಜೆ ಹೇಮಾಳನ್ನು ಆಚೆ ಕಳಿಸಿ ನನ್ನ ಮುಂದೆ ಹೇಳಿದ್ದರು: “ಎರಡು ದಿನ ದಾಟಿದರೆ ಉಸಿರು ಹತ್ತುತ್ತದೆ, ಎಚ್ಚರ ತಪ್ಪುತ್ತದೆ. ಆಮೇಲೆ ನನ್ನನ್ನು ಕೇಳಬೇಡಿ.”

ಎರಡು ದಿನ ಅಂದರೆ ಇವತ್ತು ಹತ್ತು ಗಂಟೆ.

ಮಾಸ್ತರರ ಇಂಗ್ಲಿಷ್ ಕ್ಲಾಸಿನ ಪದ್ಧತಿ ಊರಿಗೇ ಗೊತ್ತು. ವಾರಕ್ಕೊಂದು ಕ್ರಿಯಾಪದ, ಈ ವಾರದ್ದು ‘ಟೇಕ್’. ಹಮಾಲರು, ಆಟೋದವರು, ಹೊಲಿಗೆಯ ಹೆಣ್ಣುಮಕ್ಕಳು, ಎಲ್ಲರೂ ಸೋಮವಾರದಿಂದ ಶುಕ್ರವಾರದವರೆಗೆ ಆ ಪದ ಹಾಕಿ ದಿನಕ್ಕೊಂದು ವಾಕ್ಯ ಬರೆಯಬೇಕು. ಷರತ್ತು ಒಂದೇ. ಆ ದಿನ ತಾನು ಮಾಡಿದ್ದು, ಇಲ್ಲವೇ ಕಣ್ಣಾರೆ ಕಂಡದ್ದನ್ನೇ ಬರೆಯಬೇಕು. ಸುಳ್ಳು ಬರೆದರೆ ಹಾಳೆ ಹರಿಯುತ್ತಾರೆ. ಶನಿವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕ್ಲಾಸಿನ ಬಾಗಿಲ ಬಳಿಯ ಪೆಟ್ಟಿಗೆಗೆ ನೋಟ್‌ಬುಕ್ ಹಾಕಬೇಕು. ಭಾನುವಾರ ಕೂತು ಮಾಸ್ತರರು ಕೆಂಪು ಮಸಿಯಲ್ಲಿ ತಿದ್ದುತ್ತಾರೆ.

ಮಾಸ್ತರರು ಇರಲಿ ಬಿಡಲಿ, ಈ ಶನಿವಾರವೂ ಪೆಟ್ಟಿಗೆ ತುಂಬಿತ್ತು. ಇಪ್ಪತ್ತಮೂರು ಪುಸ್ತಕ. ನನಗೆ ಹೊಳೆದದ್ದು ಇಷ್ಟೇ: ಇಪ್ಪತ್ತಮೂರು ಜನ ಗುರುವಾರ ತಾವು ಕಂಡದ್ದನ್ನು ಬರೆದಿಟ್ಟಿದ್ದಾರೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಠಾಣೆಯಲ್ಲಿ ಸಿಗುತ್ತದೆ? ತೊಂದರೆ ಅಂದರೆ ಅದೆಲ್ಲ ಇಂಗ್ಲಿಷಿನಲ್ಲಿತ್ತು, ನನಗೆ ಬರುವ ಇಂಗ್ಲಿಷು ಬಸ್ಸಿನ ಬೋರ್ಡಿಗೆ ಮುಗಿಯುತ್ತದೆ.

“ಇದು ಜೈನಾಬೀದು,” ಎಂದಳು ಹೇಮಾ. “ಮಂಗಳವಾರ, ‘ಐ ಟುಕ್ ಟೀ ಟು ಸರ್.’ ಸರಗ ಚಹಾ ಒಯ್ದೆ ಅಂತ. ಬುಧವಾರ, ‘ಮೈ ಸನ್ ಟುಕ್ ಎ ಫೋಟೋ.’ ಮಗ ಫೋಟೋ ತೆಗೆದ ಅಂತ. ಗುರುವಾರ, ‘ಇಟ್ ಟೇಕ್ಸ್ ಟೂ ಡೇಸ್ ಟು ಸ್ಟಿಚ್ ಎ ಬ್ಲೌಸ್.’ ರವಿಕೆ ಹೊಲ್ಯಾಕ ಎರಡು ದಿನ ಹಿಡೀತಾವ ಅಂತ.”

“ಒಯ್ಯೂದಕ್ಕೂ ಅದ, ತೆಗ್ಯೂದಕ್ಕೂ ಅದ, ಹಿಡ್ಯೂದಕ್ಕೂ ಅದ?”

“ಹೂಂ ಕಾಕಾ. ಬಸ್ ಹಿಡಿಯೂದಕ್ಕ, ಔಷಧ ತಗೊಳ್ಳೂದಕ್ಕ, ಯಾರನ್ನರ ಕರ್ಕೊಂಡು ಹೋಗೂದಕ್ಕ, ಎಲ್ಲಾದಕ್ಕೂ ಅದ ಒಂದು. ಅದರ ಹಿಂದ ಮುಂದ ಯಾರು ನಿಂತಾರ ನೋಡ್ರಿ, ಆಗ ಅದರ ಕೆಲಸ ತಿಳೀತೈತಿ ಅಂತಾರ ಅಪ್ಪ.”

“ನಮ್ಮ ಡಿಪೋದಾಗ ಒಬ್ಬ ಇದ್ದ ಹಿಂಗ. ಯಾರ ಜೋಡಿ ನಿಲ್ಲಿಸಿದ್ರ ಅವರ ಕೆಲಸ ಮಾಡಾವ.”

ಅವಳು ನಗಲಿಲ್ಲ. ನಾನೂ ನಗಿಸಲೆಂದು ಹೇಳಿದ್ದಲ್ಲ. ಬಾಯಿ ಸುಮ್ಮನಿದ್ದರೆ ಎದೆ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತು.

“ಕರ್ಕೊಂಡು ಹೋಗೂದು ಅಂದೆಲ್ಲಾ, ಅದನ್ನ ಹುಡುಕು. ಗುರುವಾರ ಯಾರು ಯಾರನ್ನ ಎಲ್ಲಿಗೆ ಕರ್ಕೊಂಡು ಹೋಗ್ಯಾರ?”

ಅವಳು ಸರಸರನೆ ತಿರುವಿದಳು. ಒಬ್ಬ ತನ್ನ ಎಮ್ಮೆಯನ್ನು ದವಾಖಾನೆಗೆ ಒಯ್ದಿದ್ದ. ಒಬ್ಬಳು ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. ಮಕ್ಬುಲಸಾಬನೆಂಬ ಗಾರೆ ಕೆಲಸದವ ದಾಳಿಂಬೆ ತರಲು ಕುಷ್ಟಗಿ ಬಸ್ ಹಿಡಿದಿದ್ದ.

“ಇದು ಪಂಪಾಪತಿದು,” ಎಂದಳು.

ಪಂಪಾಪತಿ ಹೊರಗೆ ಆಟೋದಲ್ಲೇ ಕೂತಿದ್ದ. ನಿನ್ನೆ ಬೆಳಗಿನಿಂದ ಬಾಡಿಗೆ ಬಿಟ್ಟು ನಮ್ಮನ್ನು ಸುತ್ತಿಸುತ್ತಿದ್ದಾನೆ. ದಿನಾ ಮಾಸ್ತರರನ್ನು ಕ್ಲಾಸಿಗೆ ಬಿಡುವವನು ಅವನೇ. ‘ನಮ್ಮ ಸರ, ನಾ ಬರದಿದ್ರ ಹೆಂಗ?’ ಎಂದು ಕಣ್ಣೊರೆಸಿಕೊಂಡಿದ್ದ.

“ಗುರುವಾರ, ‘ಐ ಟುಕ್ ಮೈ ಸಿಸ್ಟರ್ ಟು ದಿ ಬಸ್ ಸ್ಟ್ಯಾಂಡ್. ಶಿ ಟುಕ್ ದಿ ಟೆನ್ ಒ ಕ್ಲಾಕ್ ಯಲಬುರ್ಗಾ ಬಸ್.’ ತಂಗೀನ ಸ್ಟ್ಯಾಂಡಿಗೆ ಕರ್ಕೊಂಡು ಹೋದೆ, ಅಕಿ ಹತ್ತು ಗಂಟೆ ಯಲಬುರ್ಗಾ ಬಸ್ ಹಿಡಿದ್ಲು ಅಂತ.”

ಏನೋ ಚುಚ್ಚಿತು. ಚಪ್ಪಲಿಯೊಳಗೆ ಸಣ್ಣ ಕಲ್ಲು ಸೇರಿದಂತೆ. ಹತ್ತು ಗಂಟೆ, ಯಲಬುರ್ಗಾ. ಗುರುವಾರ ನಾನು ಎಲ್ಲಿದ್ದೆ? ಎಲ್ಲಿರುತ್ತೇನೆ, ಸ್ಟ್ಯಾಂಡಿನ ಬೆಂಚಿನ ಮೇಲೆ. ನಿವೃತ್ತಿಯಾದರೂ ಕಾಲು ಅಲ್ಲಿಗೇ ಹೋಗುತ್ತದೆ...

“ಕಾಕಾ!”

ಹೇಮಾ ಎದ್ದು ನಿಂತಿದ್ದಳು. ಕೈಯಲ್ಲಿ ಎಣ್ಣೆ ಕಲೆಯಾದ ನೋಟ್‌ಬುಕ್. ಕಲ್ಲು ಎಲ್ಲಿತ್ತೋ ಅಲ್ಲೇ ಉಳಿಯಿತು. ನಾನು ಅದನ್ನು ತೆಗೆಯಲು ಬಗ್ಗಲಿಲ್ಲ. ಈ ಸಾಲು ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

“ಇದರಾಗ ಕೆಂಪು ಮಸಿ ಐತಿ,” ಎಂದಳು.

“ಹೋದ ವಾರದ್ದು ಇರಬೇಕು.”

“ಅಲ್ಲ ಕಾಕಾ. ಈ ವಾರದ್ದು. ಐದೂ ವಾಕ್ಯ ತಿದ್ಯಾರ. ಶುಕ್ರವಾರದ್ದೂ.”

ನಾನು ಪುಸ್ತಕ ಕಸಿದುಕೊಂಡೆ. ಇಂಗ್ಲಿಷು ಬಾರದಿದ್ದರೇನು, ಕೆಂಪು ಬಣ್ಣ ಕಾಣುತ್ತದಲ್ಲ. ಐದು ಸಾಲು, ಐದು ಗುರುತು, ಕೆಳಗೆ ಮಾಸ್ತರರ ಸಹಿ, ಒಂಟಿ ಅಕ್ಷರ ‘ಗೋ’. ಯಾವಾಗಲೂ ಅಚ್ಚು ಹಾಕಿದ ಹಾಗೆ ನಿಲ್ಲುತ್ತಿದ್ದ ಆ ‘ಗೋ’ ಗೆರೆ ಬಿಟ್ಟು ಕೆಳಗೆ ಜಾರಿತ್ತು.

ಗುರುವಾರ ಕಾಣೆಯಾದ ಮನುಷ್ಯ ಶುಕ್ರವಾರ ಬರೆದ ವಾಕ್ಯವನ್ನು ತಿದ್ದಿದ್ದಾರೆ.

“ಬದುಕ್ಯಾರ,” ಎಂದಳು ಹೇಮಾ. ಗೋಡೆಗೆ ಕೈ ಊರಿಕೊಂಡು ಅತ್ತುಬಿಟ್ಟಳು. “ನಿನ್ನೀ ತನಕ ಬದುಕ್ಯಾರ ಕಾಕಾ.”

“ಯಾರದು ಪುಸ್ತಕ?”

“ಗಾಳೇಶಂದು. ಅಕ್ಕಿ ಮಿಲ್ಲಿನ ಹಮಾಲ.”

“ಶುಕ್ರವಾರ ಏನಂತ ಬರದಾನ?”

ಅವಳು ಮೂಗು ಒರೆಸಿಕೊಂಡು ಓದಿದಳು. “‘ಮೈ ಮದರ್ ಟುಕ್ ಜಾಗರಿ ಫ್ರಮ್ ದಿ ಶಾಪ್.’ ಅವ್ವ ಅಂಗಡಿಯಿಂದ ಬೆಲ್ಲ ತಗೊಂಡ್ಲು ಅಂತ.”

*

ಆಟೋ ಏರುವಾಗ ಐಸ್ ಡಬ್ಬಿಯನ್ನು ಪಂಪಾಪತಿಯ ಕಾಲ ಬಳಿ ಇಟ್ಟವನು ನಾನೇ. ಹಿಂದಿನ ಸೀಟು ಕುಣಿಯುತ್ತದೆ, ಮುಂದೆ ಭದ್ರ ಅಂದುಕೊಂಡೆ.

“ಏನೈತ್ರಿ ಇದರಾಗ?” ಎಂದು ಕೇಳಿದ.

ಹೇಮಾ ಹೇಳಿಬಿಟ್ಟಳು. ಇಷ್ಟು ವರ್ಷ ಮಾಸ್ತರರು ಕಾಯಿಲೆಯನ್ನು ಕ್ಲಾಸಿನವರಿಂದ ಮುಚ್ಚಿಟ್ಟಿದ್ದರು. ಸಕ್ಕರೆ ಇಲ್ಲದ ಚಹಾ ಕುಡಿದರೆ ವ್ರತ ಅಂತ ಹೇಳುತ್ತಿದ್ದರು. ಪಾಠ ಹೇಳುವವನ ರೋಗ ಗೊತ್ತಾದರೆ ಪಾಠಕ್ಕಿಂತ ರೋಗವನ್ನೇ ಜಾಸ್ತಿ ವಿಚಾರಿಸುತ್ತಾರೆ ಎಂಬುದು ಅವರ ಲೆಕ್ಕ.

ಆಟೋದ ವೇಗ ಇಳಿಯಿತು.

“ಸೂಜಿ ಇಲ್ದ ಎಷ್ಟು ತಾಸು ತಡೀತಾರ್ರಿ?” ಎಂದ ಪಂಪಾಪತಿ.

“ಹತ್ತರ ತನಕ,” ಎಂದೆ. “ಜೋರಾಗಿ ಹೊಡಿಯಪ್ಪಾ.”

ಅವನು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿದ. ಪಾಪ, ಎಷ್ಟು ಹೆದರಿದ್ದಾನೆ ಅಂದುಕೊಂಡೆ.

ಗಾಳೇಶನ ಮನೆ ಕಾಲುವೆಯ ದಂಡೆಯ ಮೇಲಿನ ತಗಡಿನ ಸಾಲಿನಲ್ಲಿ. ಕುಷ್ಟಗಿ ಕಡೆಯ ಬೆದ್ದಲು ಭೂಮಿಯಿಂದ ದುಡಿಯಲು ಬಂದವರೇ ಅಲ್ಲಿ ಹೆಚ್ಚು. ಬಾಗಿಲಲ್ಲಿ ಅವನ ತಾಯಿ ಹಂಪವ್ವ ಕುಳಿತಿದ್ದಳು. ಹೇಮಾಳನ್ನು ಕಂಡವಳೇ ಎದ್ದಳು.

“ಯವ್ವಾ, ಸರನ ಮಗಳು! ಬರ್ರಿ ಬರ್ರಿ. ಎಪ್ಪಾ, ನೀವೂ ಬರ್ರಿ, ಕುಂದರ್ರಿ.”

ನಾವು ಕೂರುವ ಮೊದಲೇ ತಟ್ಟೆ ಬಂತು. ತಟ್ಟೆಯ ತುಂಬ ಶೇಂಗಾ ಹೋಳಿಗೆ. ನಾನು ಹೋಳಿಗೆಯನ್ನು ನೋಡಿದೆ, ಗೋಡೆಯ ಕ್ಯಾಲೆಂಡರನ್ನು ನೋಡಿದೆ. ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ, ಏನೂ ಇಲ್ಲ.

“ಏನು ವಿಶೇಷ ಹಂಪವ್ವಾ?”

“ಏನಿಲ್ರೀ. ಗಾಳೇಶ ನಿನ್ನಿ ಬಂದು, ಸರನ್ನ ಊಟಕ್ಕ ಕರದೀನಿ, ಇಲ್ಲೀತನ ಬರಾಕ ಆಗೂದಿಲ್ಲಂತ, ಕಟಗೊಂಡು ಹೋಗ್ತೀನಿ, ಸಿಹಿ ಮಾಡವ್ವಾ ಅಂದ. ಮಾಡಿದೆ. ಸರಗ ಸೇರಿತಂತಿಲ್ಲೋ ಯವ್ವಾ?”

ಹೇಮಾ ತಟ್ಟೆಯನ್ನು ದೂರ ತಳ್ಳಿದಳು.

ಒಳಗಿನಿಂದ ಗಾಳೇಶ ಬಂದ. ಬಾಗಿಲು ತುಂಬುವಂಥ ಆಳು, ಇಪ್ಪತ್ತೈದು ವಯಸ್ಸಿರಬೇಕು. ನಮ್ಮನ್ನು ಕಂಡ ಕೂಡಲೇ ಅವನ ಕಣ್ಣು ಹೇಮಾಳ ಕೈಯಲ್ಲಿದ್ದ ಪುಸ್ತಕಕ್ಕೆ ಹೋಯಿತು. ಅಲ್ಲಿಂದ ನೆಲಕ್ಕೆ.

“ಇದನ್ನ ಯಾರು ತಿದ್ಯಾರ?” ಎಂದೆ.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಪೊಲೀಸರು ಹೊಸಪೇಟಿ ಜಾಲಾಡಾಕತ್ತಾರ. ನೀನು ಇಲ್ಲಿ ಕುಂತು ಸರನ ಕೈಲೆ ಹೋಮ್‌ವರ್ಕ್ ತಿದ್ದಿಸ್ಕೊಂಡಿ. ಏನ ಧೈರ್ಯನೋ ನಿಂದು!”

“ಧೈರ್ಯ ಅಲ್ರೀ,” ಎಂದ ಗಾಳೇಶ. ಅಷ್ಟು ದೊಡ್ಡ ಆಳಿನ ದನಿ ಸಣ್ಣಗಿತ್ತು. “ವಾಕ್ಯ ಬರೀದ ಬಿಟ್ರ ಸರ ಬೈತಾರಂತ ಅಲ್ಲೇ ಕುಂತು ಬರದೆ. ಸರ, ಕೊಡು ನೋಡೂಣು ಅಂದ್ರು. ಕೊಟ್ಟೆ. ಮುಂಜಾನೆ ಎಲ್ಲಾರ ಜೋಡಿ ಪೆಟಿಗ್ಯಾಗ ಹಾಕಿದೆ. ಹಾಕಬಾರ್ದಿತ್ತು ಅಂತ ಹೊಳೀಲೇ ಇಲ್ರೀ.”

“ಅಲ್ಲೇ ಅಂದ್ರ ಎಲ್ಲಿ? ಎಲ್ಲಿ ಅದಾರ ನಮ್ಮಪ್ಪ?” ಹೇಮಾ ಅವನ ಅಂಗಿ ಹಿಡಿದಳು. ಹಿಡಿದ ಕೈ ಅವನ ಎದೆಯ ಮಟ್ಟಕ್ಕೆ ಬರುತ್ತಿತ್ತು, ಅಷ್ಟೆ. “ಇನ್ಸುಲಿನ್ ಇಲ್ದ ಸಾಯ್ತಾರ ಅವರು! ನೀ ಹೋಳಿಗಿ ತಿನಿಸಿದಿ! ಸಕ್ಕರಿ ಕಾಯಿಲೆ ಇದ್ದಾವ್ರಿಗೆ ಹೋಳಿಗಿ!”

ಗಾಳೇಶ ಅವಳ ಮುಖವನ್ನೇ ನೋಡಿದ.  ಅರ್ಥವಾದ ಮೇಲೆ ಕುಸಿದು ಕೂತ.

“ಬ್ಯಾಡಂದ್ರು ಅಕ್ಕಾರ. ವ್ರತ ಐತಿ, ಬ್ಯಾಡೋ ಅಂದ್ರು. ನಾನ ಕಾಲು ಹಿಡಿದೆ. ನಿಮ್ಮನ್ನ ಕೂಡಿ ಹಾಕಿ ಕೀಲಿ ಹಾಕ್ಯಾವ ನಾನು, ನಮ್ಮ ಮನೀದು ಒಂದು ತುತ್ತು ತಿಂದ್ರ ನನ್ನ ತಪ್ಪು ಹೊಟ್ಟಿಗೆ ಹಾಕ್ಕೊಂಡಂಗ ಅಂತ ಅಂದೆ. ಒಂದು ತಿಂದ್ರು. ಇನ್ನೊಂದು ಇಟ್ಟೆ, ಅದನ್ನೂ ತಿಂದ್ರು. ಯಾಕ ತಿಂದ್ರಿ ಸರ, ಯಾಕ ತಿಂದ್ರಿ...”

ಯಾಕೆ ತಿಂದರು ಎಂದು ನನಗೆ ಗೊತ್ತಾಯಿತು. ಈ ಸೀಮೆಯಲ್ಲಿ ಒಬ್ಬರ ಮನೆಯ ಸಿಹಿಯನ್ನು ಬೇಡ ಅಂದರೆ ಸಿಟ್ಟು ಇನ್ನೂ ಇದೆ ಎಂದೇ ಅರ್ಥ. ಶಿಷ್ಯ ಕಾಲ ಬಳಿ ಕೂತು ಅಳುತ್ತಿರುವಾಗ ಆ ಮನುಷ್ಯ ತನ್ನ ಜೀವಕ್ಕಿಂತ ಅವನ ಮನಸ್ಸನ್ನು ನೋಡಿದರು. ಅವರ ಮೇಲೂ ನನಗೆ ಸಿಟ್ಟು ಬಂತು.

“ಕೂಡಿ ಹಾಕು ಅಂದಾವ ಯಾರು?”

“ನಮ್ಮ ಮಿಲ್ಲಿನ ಮ್ಯಾನೇಜರ್ ವಿರೂಪಾಕ್ಷಪ್ಪ. ಕಾಲುವಿ ಮ್ಯಾಲಿನ ಮುಚ್ಚಿದ ಹಳೇ ಮಿಲ್ಲಿನಾಗ ಸರ ಅದಾರ, ಕಾಯಿ ಅಂದ. ನಾ ಹೋಗೂದ್ರಾಗ ಒಳಗಿದ್ರು. ಯಾರು ಕರ್ಕೊಂಡು ಬಂದ್ರೋ ಗೊತ್ತಿಲ್ರೀ, ಸರನೂ ಹೇಳ್ಲಿಲ್ಲ. ನಾ ಒಲ್ಲೆ ಅಂದಿದ್ರ ಬ್ಯಾರೇದವ್ರನ್ನ ಇಡತಿದ್ರು. ಅವರು ಸರಗ ನೀರೂ ಕೊಡತಿರ್ಲಿಲ್ಲ.”

“ಸರನಿಂದ ಅವರಿಗೆ ಏನು ಬೇಕು?”

“ಒಂದು ಜೆರಾಕ್ಸ್ ಹಾಳಿ ಐತ್ರಿ ಅವರ ಕಡೆ. ಸರನ ಚೀಲದಾಗ ಸಿಕ್ಕಿದ್ದಂತ. ಇದು ಯಾರ ಪುಸ್ತಕದ್ದು, ಬರದಾವನ ಹೆಸರು ಹೇಳು ಅಂತ ಕೇಳಾಕತ್ತಾರ. ಎರಡು ದಿನದಿಂದ ಅದನ್ನ ಕೇಳಾಕತ್ತಾರ. ಸರ ಬಾಯಿ ಬಿಡವಲ್ರು.”

“ನೀನು ಆ ಹಾಳಿ ನೋಡಿಯೇನು?”

“ಇಲ್ರೀ. ನನ್ನ ಹೊರಗ ನಿಲ್ಲಿಸಿ ಕೇಳತಾರ.”

ಹೇಮಾ ನನ್ನತ್ತ ನೋಡಿದಳು. ಮಾಸ್ತರರು ಗುರುವಾರ ಕೊಪ್ಪಳಕ್ಕೆ ಹೊರಟಿದ್ದು ಯಾವುದೋ ದೂರು ಕೊಡಲು. ಅಷ್ಟು ಮಾತ್ರ ಅವಳಿಗೆ ಹೇಳಿದ್ದರು. ಅವಳು ಗಾಳೇಶನ ಪುಸ್ತಕದ ಒಂದು ಹಾಳೆ ಹಿಂದಕ್ಕೆ ತಿರುವಿದಳು. ಹೋದ ವಾರದ ಪುಟ. ಹೋದ ವಾರದ ಪದ ‘ಬ್ರಿಂಗ್’, ತರುವುದು.

ಅವಳು ತುಟಿಯಲ್ಲೇ ಓದಿಕೊಂಡಳು. ಆಮೇಲೆ ಜೋರಾಗಿ ಓದಿದಳು. “ಸೋಮವಾರ, ‘ಲಾರಿ ಬ್ರಿಂಗ್ಸ್ ಹಾಸ್ಟೆಲ್ ರೈಸ್ ಟು ಅವರ್ ಮಿಲ್.’ ಹಾಸ್ಟೆಲ್ ಮಕ್ಕಳ ಅಕ್ಕಿ ಲಾರ್‍ಯಾಗ ನಮ್ಮ ಮಿಲ್ಲಿಗೆ ಬರ್ತೈತಿ. ಮಂಗಳವಾರ, ‘ವಿ ಬ್ರಿಂಗ್ ನ್ಯೂ ಬ್ಯಾಗ್ಸ್ ಅಂಡ್ ಚೇಂಜ್.’ ಹೊಸಾ ಚೀಲ ತಂದು ಬದಲಾಯಿಸ್ತೀವಿ...”



ಗಾಳೇಶ ಕಂಡದ್ದನ್ನು ಬರೆದಿದ್ದ. ಷರತ್ತೇ ಅದಲ್ಲವೇ? ಅದು ಮಕ್ಕಳ ಅಕ್ಕಿಯನ್ನು ಚೀಲ ಬದಲಿಸಿ ಮಾರುವ ಕಳ್ಳತನದ ಸಾಕ್ಷಿ ಎಂದು ಅವನಿಗೆ ಗೊತ್ತೇ ಇರಲಿಲ್ಲ. ವಾಕ್ಯ ಸರಿಯಾಯಿತೋ ಇಲ್ಲವೋ ಎಂಬುದಷ್ಟೇ ಅವನ ಚಿಂತೆ. ಮಾಸ್ತರರು ಓದಿದರು, ಹೆಸರು ಮುಚ್ಚಿ ಜೆರಾಕ್ಸ್ ಮಾಡಿಸಿದರು, ಕೊಪ್ಪಳಕ್ಕೆ ಹೊರಟರು. ಈಗ ಬರೆದವನ ಹೆಸರು ಹೇಳದೆ ಸಾಯುತ್ತಿದ್ದಾರೆ. ಅವರನ್ನು ಕಾಯಲು ವಿರೂಪಾಕ್ಷಪ್ಪ ಇಟ್ಟದ್ದು ಬರೆದವನನ್ನೇ.

“ನಂದು?” ಎಂದ ಗಾಳೇಶ. “ಅದು ನನ್ನ ಪುಸ್ತಕದ್ದಾ? ನನ್ನ ಸಲುವಾಗಿ ಸರ...”

ಬಾಗಿಲಲ್ಲಿ ಚೆಂಬಿನ ಸದ್ದಾಯಿತು. ಪಂಪಾಪತಿ. ಯಾವಾಗ ಬಂದು ನಿಂತನೋ, ಹಂಪವ್ವನ ಕೊಡದಿಂದ ನೀರು ಕುಡಿಯುತ್ತಿದ್ದ.

“ತಡ ಆಗ್ತೈತ್ರಿ,” ಎಂದ. “ನಡೀರಿ, ಮಿಲ್ಲಿಗೆ ಬಿಡ್ತೀನಿ.”

*

ಕಾಲುವೆಯ ಕಚ್ಚಾ ರಸ್ತೆಯಲ್ಲಿ ಮೂರು ಕಿಲೋಮೀಟರ್. ಎರಡೂ ಬದಿ ನಾಟಿ ಮಾಡಿದ ಗದ್ದೆ, ಒಂದು ನರಪಿಳ್ಳೆಯೂ ಇಲ್ಲ. ಹೇಮಾ ಪುಸ್ತಕವನ್ನು ಎದೆಗೆ ಅವುಚಿಕೊಂಡು ದೇವರ ಹೆಸರು ಹೇಳುತ್ತಿದ್ದಳು. ನಾನು ಹೊಸಪೇಟೆಗೆ ಹೋದ ಪೊಲೀಸರಿಗೆ ಫೋನು ಹಚ್ಚಿದೆ. ವಾಪಸ್ ಬರಲು ಒಂದು ತಾಸು ಅಂದರು. ಒಂದು ತಾಸು ನಮ್ಮ ಹತ್ತಿರ ಇರಲಿಲ್ಲ. ಗಡಿಯಾರ ಒಂಬತ್ತು ಇಪ್ಪತ್ತು ತೋರಿಸುತ್ತಿತ್ತು.

ಕಾಲುವೆಯ ಸಣ್ಣ ಸೇತುವೆ ದಾಟಿದರೆ ಮಿಲ್ಲು. ಆಟೋ ನಿಲ್ಲುವ ಮೊದಲೇ ಗಾಳೇಶ ಹಾರಿದ, ಹಿಂದೆ ಹೇಮಾ, ಅವಳ ಹಿಂದೆ ನನ್ನ ಮೊಣಕಾಲು ಎಷ್ಟು ಓಡಿಸಿತೋ ಅಷ್ಟು ನಾನು. ಕೀಲಿ ತೆಗೆದು ಬಾಗಿಲು ತಳ್ಳಿದೆವು.

ಮಾಸ್ತರರು ಖಾಲಿ ಗೋಣಿ ಚೀಲಗಳ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕುತ್ತಿಗೆ ಒಂದು ಕಡೆ ವಾಲಿತ್ತು. ಉಸಿರು ಮಾತ್ರ ಓಡಿ ಬಂದವರ ಹಾಗೆ ದೊಡ್ಡದಾಗಿ ಏರಿಳಿಯುತ್ತಿತ್ತು. ಬಾಯಿಯಿಂದ ಅತಿ ಮಾಗಿದ ಹಣ್ಣಿನ ವಾಸನೆ.

“ಅಪ್ಪಾ! ಅಪ್ಪಾ, ನಾನು ಹೇಮಾ. ಕಾಕಾ, ಡಬ್ಬಿ! ಡಬ್ಬಿ ಕೊಡ್ರಿ ಲಗೂನ!”

ನನ್ನ ಕೈ ಖಾಲಿಯಾಗಿತ್ತು. ಅವಳ ಕೈಯಲ್ಲಿ ಪುಸ್ತಕವಿತ್ತು. ಡಬ್ಬಿ ಆಟೋದಲ್ಲಿ.

“ಪಂಪಾಪತೀ!” ಎಂದು ಕೂಗಿದೆ. “ಡಬ್ಬಿ ತಗೊಂಡು ಬಾರೋ!”

ಗಾಳೇಶ ಮಾಸ್ತರರನ್ನು ಎತ್ತಲು ಮುಂದಕ್ಕೆ ಬಾಗಿಸಿದ. ಅವರ ಬೆನ್ನ ಹಿಂದೆ ಸುಣ್ಣದ ಗೋಡೆಯ ಮೇಲೆ ಕೆಂಪು ಅಕ್ಷರಗಳು ಕಂಡವು. ಮೂರು ಸಾಲು. ತಮ್ಮ ಷರತ್ತನ್ನು ತಾವೂ ಬಿಟ್ಟಿರಲಿಲ್ಲ ಆ ಮನುಷ್ಯ, ದಿನಕ್ಕೊಂದು ವಾಕ್ಯ.

“ಓದು,” ಎಂದೆ.

“‘ಗಾಳೇಶ ಟುಕ್ ಕೇರ್ ಆಫ್ ಮಿ.’ ಶುಕ್ರವಾರದ್ದು. ಗಾಳೇಶ ನನ್ನ ಛಲೋ ನೋಡ್ಕೊಂಡ.” ಗಾಳೇಶ ಬಿಕ್ಕಿದ. “ಕೆಳಗಿಂದು ಬರೇ ‘ಟೇಕ್’ ಅಂತ ಐತಿ. ಮುಂದ ಬರ್‍ಯಾಕ ಆಗಿಲ್ಲ.”

“ಮ್ಯಾಲಿಂದು? ಗುರುವಾರದ್ದು?”

ಹೇಮಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಓದವ್ವಾ!”

“‘ಪಂಪಾಪತಿ ಟುಕ್ ಮಿ ಫ್ರಮ್ ದಿ ಬಸ್ ಸ್ಟ್ಯಾಂಡ್.’”

ಅರ್ಥ ಹೇಳಬೇಕಾಗಿರಲಿಲ್ಲ. ಬೆಳಿಗ್ಗೆಯಿಂದ ಆ ಪದವನ್ನು ಇಷ್ಟು ಸಲ ಕೇಳಿದ್ದೆ. ಯಾರು ಯಾರನ್ನು ಎಲ್ಲಿಂದ ಎಂಬುದು ಹಿಂದೆ ಮುಂದೆ ನಿಂತಿತ್ತು.

ಆ ಕ್ಷಣಕ್ಕೆ ಚಪ್ಪಲಿಯೊಳಗಿನ ಕಲ್ಲು ಕೈಗೆ ಸಿಕ್ಕಿತು. ಗುರುವಾರ ಹತ್ತು ಗಂಟೆಯ ಯಲಬುರ್ಗಾ ಬಸ್ಸು ಹೊರಟೇ ಇರಲಿಲ್ಲ. ಮದುವೆಯ ಬಾಡಿಗೆಗೆ ಹೋಗಿತ್ತು. ಕಾದು ಕಾದು ಬೈಯುತ್ತಿದ್ದ ಹೆಂಗಸರಿಗೆ ‘ಹನ್ನೊಂದೂವರೆಗೆ ಮುಂದಿನದು’ ಎಂದು ಹೇಳಿದವನು ನಾನೇ. ನನ್ನ ಬಾಯಾರೆ ಹೇಳಿದ್ದೆ! ಆ ಗದ್ದಲದಲ್ಲಿ ಮಾಸ್ತರರು ಬಂದದ್ದನ್ನೂ ಕಾಣಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಸರ್ವೀಸಂತೆ, ಕಣ್ಣಿಗೆ ರೂಢಿಯಂತೆ. ಅವನ ಕಾಲ ಬಳಿಯೇ ಔಷಧ ಇಟ್ಟು ಬಂದೆ.

ಹೊರಗೆ ಆಟೋ ಸ್ಟಾರ್ಟ್ ಆದ ಸದ್ದು.

“ಹೊರ್ತೀನಿ,” ಎಂದ ಗಾಳೇಶ. “ನೂರು ಕಿಲೋ ಹೊತ್ತಾವ ನಾನು. ಸರ ಏನು ಭಾರ?” ಮಾಸ್ತರರನ್ನು ಬೆನ್ನಿಗೆ ಹಾಕಿಕೊಂಡು ಎರಡು ಕೈ ತನ್ನ ಹೆಗಲ ಮೇಲೆ ಇಳಿಬಿಟ್ಟುಕೊಂಡ. ಹೇಮಾ ಒಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನು ಹಚ್ಚುತ್ತ ಹಿಂದೆ ಓಡಿದಳು. ಆ ಕಡೆಯವರು ನಲವತ್ತು ನಿಮಿಷ ಎಂದದ್ದು ನನಗೂ ಕೇಳಿಸಿತು.

ಪಂಪಾಪತಿ ಓಡಿಹೋಗಿರಲಿಲ್ಲ.

ಆಟೋವನ್ನು ಸೇತುವೆಗೆ ಅಡ್ಡ ನಿಲ್ಲಿಸಿ, ತಾನು ಆಚೆ ಬದಿಯ ಕಟ್ಟೆಯ ಮೇಲೆ ನಿಂತಿದ್ದ. ಐಸ್ ಡಬ್ಬಿಯ ಹಿಡಿಕೆ ಅವನ ಕೈಯಲ್ಲಿ, ಆ ಕೈ ಕಾಲುವೆಯ ಮೇಲೆ. ಕೆಳಗೆ ತುಂಬು ನೀರು ಕೆಂಪಗೆ ಹರಿಯುತ್ತಿತ್ತು.

“ಅಲ್ಲೇ ನಿಲ್ರಿ,” ಎಂದ. ಅವನ ಮುಖ ಬೆವತು ಹೋಗಿತ್ತು. “ನಾ ಕೊಲ್ಲಾವ ಅಲ್ರೀ. ಕೊಪ್ಪಳಕ್ಕ ಹೋಗೂದು ಬ್ಯಾಡ ಅಂತ ಎರಡು ದಿನ ಇಡೂಣು ಅಂದ್ರು, ಅಷ್ಟ. ಸೂಜಿ ವಿಷಯ ನನಗ ಗೊತ್ತಿರ್ಲಿಲ್ಲ.”

“ಗೊತ್ತಾತಲ್ಲ ಈಗ! ಕೊಡೋ ಅದನ್ನ!” ಎಂದು ಕಿರುಚಿದಳು ಹೇಮಾ.

“ಕೊಡ್ತೀನಿ. ಪುಸ್ತಕ ಕೊಡ್ರಿ, ಔಷಧ ತಗೋರಿ. ಆ ಪುಟದಾಗ ಮೂರನೇ ಸಾಲು ಓದ್ಲಿಲ್ಲ ನೀವು. ಜೆರಾಕ್ಸಿನಾಗ ನಾ ನೋಡೀನಿ, ಹೊಸಾ ಚೀಲ ಯಾರ ಆಟೋದಾಗ ಬರ್ತಾವ ಅಂತ ಬರದಾನ ಗಾಳೇಶ. ನನಗೂ ಎರಡು ಹೆಣ್ಣುಮಕ್ಕಳು ಅದಾರ್ರೀ. ಎಸೀರಿ ಈ ಕಡೆ.”

ಹೇಮಾ ಒಂದು ಗಳಿಗೆಯೂ ಯೋಚಿಸಲಿಲ್ಲ. ಯಾಕೆ ಯೋಚಿಸಬೇಕು? ಹಾಸ್ಟೆಲಿನ ಅಕ್ಕಿಯೂ ಬೇಡ, ಮಿಲ್ಲೂ ಬೇಡ, ಅವಳಿಗೆ ಬೇಕಾದದ್ದು ಅಪ್ಪ. ಗಾಳೇಶನ ಪಕ್ಕ ನಿಂತೇ ಪುಸ್ತಕ ಹಿಡಿದ ಕೈಯನ್ನು ಬೀಸಲು ಎತ್ತಿದಳು. ಪುಸ್ತಕದ ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ಗಾಳೇಶನ ಹೆಸರಿತ್ತು. ಅದು ವಿರೂಪಾಕ್ಷಪ್ಪನ ಕೈ ಸೇರಿದರೆ ಮುಂದೆ ಗಾಳೇಶನ ಗತಿ ಏನು ಎಂದು ನಾನು ಯೋಚಿಸಿದೆ, ಆದರೂ ಬೇಡ ಅನ್ನಲಿಲ್ಲ. ನನಗೂ ಆಗ ಮಾಸ್ತರರು ಬದುಕಿದರೆ ಸಾಕಾಗಿತ್ತು.

ಪುಸ್ತಕ ಅವಳ ಕೈ ಬಿಡಲಿಲ್ಲ.

ಗಾಳೇಶನ ಹೆಗಲ ಮೇಲೆ ಇಳಿಬಿದ್ದಿದ್ದ ಒಂದು ಒಣಕಲು ಕೈ ಎದ್ದು ಬಂದು ಅದನ್ನು ಹಿಡಿದುಕೊಂಡಿತ್ತು. ಕೆಂಪು ಮಸಿ ಮೆತ್ತಿದ ಬೆರಳುಗಳು. ಮಾಸ್ತರರ ಕಣ್ಣು ಮುಚ್ಚೇ ಇತ್ತು.

“ಅಪ್ಪಾ, ಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಬಿಡ್ರಿ ಅಪ್ಪಾ!”

“ಬಿಡ್ರಿ ಸರ,” ಎಂದ ಗಾಳೇಶ. ಅವನ ಕಣ್ಣೀರು ಮಾಸ್ತರರ ಮೊಣಕೈ ಮೇಲೆ ಇಳಿಯುತ್ತಿತ್ತು. “ನನ್ನ ಪುಸ್ತಕ ಐತಿ ಅದು. ನನಗೇನಾದ್ರೂ ಆಗ್ಲಿ, ಕೊಟ್ಟುಬಿಡ್ರಿ.”

ಸೇತುವೆಯ ಆಚೆ ಪಂಪಾಪತಿ ಹಿಡಿಕೆಯಿಂದ ಒಂದು ಬೆರಳು ಸಡಿಲಿಸಿದ. ಆಮೇಲೆ ಇನ್ನೊಂದು. ಡಬ್ಬಿ ವಾಲಿತು.

ಮಾಸ್ತರರ ಕೈ ಹಿಡಿತ ಬಿಡಲಿಲ್ಲ.